ಅಚ್ಚು ತಣ್ಣಗಿತ್ತು

ಉದ್ಯಮಬಾಗದಲ್ಲಿ ನನ್ನ ಕೆಲಸ, ಬೇಡ ಅನ್ನುವುದು.
ದಿನಕ್ಕೆ ಇನ್ನೂರು ಪಂಪಿನ ಕವಚ ಮೇಜಿಗೆ ಬರುತ್ತವೆ.
ಗಾಳಿಗುಳ್ಳೆ ಕಂಡರೆ ಕೆಂಪು ಬಣ್ಣದ ಗೀಟು,
ತೂತು ನಟ್ಟನಡುವೆ ಇಲ್ಲದಿದ್ದರೆ ಗೀಟು,
ಮತ್ತೆ ಕುಲುಮೆಗೆ.
ಸಂಜೆ ಆರಕ್ಕೆ ಕೈ ತೊಳೆಯಬಹುದು,
ಕಣ್ಣು ತೊಳೆಯಲಾಗುವುದಿಲ್ಲ.

ಟಿಳಕವಾಡಿ, ಎರಡನೇ ರೈಲ್ವೆ ಗೇಟಿನ ಹತ್ತಿರ
ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ
ನನ್ನ ನೂರಾ ಹದಿನಾಲ್ಕು ತಟ್ಟೆಗಳು.
ಎಲ್ಲ ಜಾಝ್. ಎಲ್ಲ ಮರುಮುದ್ರಣ.
ಮೊದಲ ಮುದ್ರಣ ಕೊಳ್ಳಬೇಕಾದರೆ
ನಮ್ಮಜ್ಜ ಒಂದು ಗಿರಣಿ ಬಿಟ್ಟುಹೋಗಬೇಕಿತ್ತು.
ಬಿಟ್ಟುಹೋದದ್ದು ಒಂದು ಕೊಡೆ.

ಈ ಸಲದ್ದು ಜರ್ಮನಿಯಿಂದ,
ಮೂರು ವಾರ ಮುಂಬೈಯಲ್ಲಿ ಕೂತು,
ಸುಂಕ ಕಟ್ಟಿಸಿಕೊಂಡು ಬಂತು.
ಹೊದಿಕೆಯ ಮೇಲೆ ಚಿನ್ನದ ಅಕ್ಷರ: ನೂರಾ ಎಂಬತ್ತು ಗ್ರಾಮು.
ಕುಂದಾ ಅಂಗಡಿಯ ವಿಶ್ವಂಭರನ ತಕ್ಕಡಿಗೆ ಹಾಕಿಸಿದೆ.
ನೂರಾ ಎಪ್ಪತ್ತಮೂರು.
"ಡಬ್ಬಿ ಸಮೇತ ತೂಗಿದ್ರ ಬರಾಬರ್ ಆಗ್ತದ್ರಿ," ಅಂದ.
ಅವನ ವ್ಯಾಪಾರದ ಗುಟ್ಟು ಹಾಗೆ ಹೊರಗೆ ಬಿತ್ತು.

ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುವುದು.
ಲಕೋಟೆಯ ಕಾಗದ ಉಜ್ಜಿದ ಮಂಜು ಮಂಜು ಗುರುತು.
ತಿರುಗಿಸಿದರೆ ಅಂಚು ಏಳುತ್ತದೆ, ಬೀಳುತ್ತದೆ,
ಅರ್ಧ ಮಿಲಿಮೀಟರು
(ಡಯಲ್ ಗೇಜ್ ಕಾರ್ಖಾನೆಯದು, ಸೋಮವಾರ ಮರಳಿಸಬೇಕು).
ಮುಳ್ಳಿನ ತೋಳು ತೊಟ್ಟಿಲ ಹಾಗೆ ತೂಗುತ್ತಿಲ್ಲ,
ಅಂದರೆ ತೂತು ನಡುವೆಯೇ ಇದೆ.
ಇಷ್ಟಾದರೂ ಸಂಗೀತ ಇನ್ನೂ ಶುರುವಾಗಿಲ್ಲ.
ಕೆಳಗಿನ ಮನೆಯ ಜೀಜಾಬಾಯಿ ಮೆಟ್ಟಿಲಿನಿಂದಲೇ ಕೇಳುತ್ತಾರೆ:
"ಅದನ್ನ ಹಚ್ಚಾಂವೋ, ಬರೇ ನೋಡಾಂವೋ?"

ಹಚ್ಚಿದೆ.
ಸ್ಯಾಕ್ಸೊಫೋನು, ಪಿಯಾನೊ, ಡ್ರಮ್ಮು, ಬಾಸು,
ಯಾವುದೋ ಊರಿನ ಯಾವುದೋ ರಾತ್ರಿ ನಾಲ್ವರು.
ಎರಡನೇ ಹಾಡಿನ ನಡುವೆ
ಮೂವರೂ ಕೈಬಿಟ್ಟು ಬಾಸಿನವನೊಬ್ಬನೇ ಉಳಿದಾಗ
ಎಡಗಡೆಯ ಸ್ಪೀಕರಿನಲ್ಲಿ ಪರ್ರ್,
ಹೊಸ ಧೋತರ ಹರಿದ ಹಾಗೆ.
ಬಟ್ಟಿ ಇಳಿಸಿದ ನೀರು, ಎರಡು ಹನಿ ಸೋಪು, ಮೆತ್ತನೆ ಕುಂಚ.
ಪರ್ರ್.
ಗೀರಲ್ಲ. ಧೂಳಲ್ಲ.
ಭೂತಗನ್ನಡಿಗೆ ಏನೂ ಕಾಣಲಿಲ್ಲ.

ಪರಶರಾಮ ಮುತಗೇಕರ ನಮ್ಮ ಅಚ್ಚುಗಾರ,
ಮೂವತ್ತೊಂದು ವರ್ಷ ಮರಳಲ್ಲಿ ಮೊಣಕಾಲೂರಿದವನು.
ಎರಕಕ್ಕೆ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟು
ಆ ನಾದದ ಬಾಲ ಹಿಡಿದು
ನನ್ನ ಗೇಜಿಗಿಂತ ಮೊದಲೇ ಹೇಳುತ್ತಾನೆ.
ಭಾನುವಾರ ಕರೆದೆ. ಬಂದವನೇ
ತಟ್ಟೆಯ ಅಂಚಿಗೆ ಉಗುರಿನಿಂದ ಟಣ್ ಅನ್ನಿಸಲು ಹೋದ.
ನನ್ನ ಜೀವ ಬಾಯಿಗೆ ಬಂತು.

"ಹಾಡವ್ರು ಯಾರೂ ಇಲ್ಲೇನ್ರಿ ಇದರಾಗ?"
ಇಲ್ಲ.
"ಹಂಗಾರ ಛಲೋ ಆತು."
ಕಣ್ಣು ಮುಚ್ಚಿದ. ಎರಡನೇ ಹಾಡು. ಬಾಸು. ಪರ್ರ್.
"ಬಿಸಿ ಮಾಡಿ ಒತ್ತತಾರೇನ್ ಇದನ್ನ?"
ಹೌದು, ಮೆತ್ತಗಾದ ಉಂಡೆಯನ್ನ ಎರಡು ಅಚ್ಚಿನ ನಡುವೆ.
"ಮತ್ತ ಅದs. ಅಚ್ಚು ತಣ್ಣಗಿತ್ರಿ.
ಮಾಲು ಮೂಲಿತನಕ ಹರಿದಿಲ್ಲ, ಅರ್ಧಕ್ಕ ನಿಂತೈತಿ.
ಮುಂಜಾನಿ ಪಾಳಿದ ಮೊದಲನೇ ಮಾಲು ಇದು.
ಬರದಿಟ್ಕೋರಿ."

ಜರ್ಮನಿ ಅಂದರೆ ಅವನಿಗೆ
ಹಳೆಯ ಲೇಥಿನ ಮೇಲಿನ ಹಿತ್ತಾಳೆ ತಗಡು, ಅಷ್ಟೇ.
ಅಲ್ಲಿಯ ಯಾರೋ ಒಬ್ಬನ ಬೆಳಗಿನ ಆರು ಗಂಟೆಯನ್ನ
ನನ್ನ ಚಾಪೆಯ ಮೇಲೆ ಕೂತು ಹಿಡಿದುಬಿಟ್ಟ:
ಯಂತ್ರ ಇನ್ನೂ ಕಾದಿಲ್ಲ,
ಮೊದಲ ಹತ್ತು ತಟ್ಟೆ ಎಸೆಯಬೇಕಿತ್ತು,
ಎಸೆಯಲು ಮನಸ್ಸಾಗಲಿಲ್ಲ.
"ನಾವೂ ಒಗೀತಿದ್ದಿಲ್ರಿ," ಅಂದ ಮುತಗೇಕರ,
"ನೀವು ಬರೂಕಿಂತ ಮೊದಲ."

ಬೆಲೆ ಕೇಳಿದ. ನಾಲ್ಕುನೂರು ಅಂದೆ.
ಸುಂಕದ ರಸೀತಿಯ ಮೇಲೆ ಡಯಲ್ ಗೇಜ್ ಸರಿಸಿಟ್ಟೆ.

ಮರಳಿಸಲು ಹದಿನಾಲ್ಕು ದಿನ ಇದ್ದವು, ಹನ್ನೊಂದು ಕಳೆದಿವೆ.
ಲಕೋಟೆಯೊಳಗೆ ಕಾರ್ಖಾನೆಯ ನಮೂನೆಯಲ್ಲೇ ಒಂದು ಚೀಟಿ:
ತೂಕ ಏಳು ಗ್ರಾಮು ಕಡಿಮೆ.
ಡೊಂಕು, ಮಿತಿಯೊಳಗೆ.
ಎರಡನೇ ಹಾಡಿನಲ್ಲಿ ಮಾಲು ತುಂಬಿಲ್ಲ.
ತಪಾಸಿಸಿದವರು: ಪ. ಮುತಗೇಕರ.
ಪಾಸೋ ನಪಾಸೋ ಎಂಬಲ್ಲಿ ಏನೂ ಬರೆದಿಲ್ಲ.

ಇನ್ನೊಂದು ಬಾಜು ಹಾಗೇ ಇಟ್ಟಿದ್ದೇನೆ.
ಬರುವ ಭಾನುವಾರ ತಾನೇ ಬರುತ್ತಾನಂತೆ:
"ಆ ದಪ್ಪ ತಂತಿ ಮೀಟಾಂವ ಅದಾನಲ್ಲ,
ಅವ ಮುಂದ ಏನ್ ಮಾಡ್ತಾನ, ಕೇಳೂಣು."